ಓಟು ದಂಡವಾಗಲಿಲ್ಲ, ದಂಡ ಮಾಡಿದರು!

"ಕನ್ನಡದ ಪಕ್ಷಕ್ಕೆ ಓಟು ಹಾಕ್ತೀರಾ? ದಂಡ ಕಣ್ರೀ! ಗೆಲ್ಲೋ ಕುದುರೆಗೆ ಹಾಕಿ!"

ಚುನಾವಣೆ ಬಂತೆಂದರೆ ಈ ಮಾತು ಕೇಳದ ಕನ್ನಡ ಹೋರಾಟಗಾರನಿಲ್ಲ. ಬಾವುಟ ಕಟ್ಟುವಾಗ ಹೆಗಲು ಕೊಟ್ಟವರು, ಬಂದ್ ದಿನ ತಾವಾಗಿಯೇ ಅಂಗಡಿ ಬಾಗಿಲು ಹಾಕಿದವರು, ರಾಜ್ಯೋತ್ಸವಕ್ಕೆ ಚಂದಾ ಬರೆಸಿದವರು ಮತಗಟ್ಟೆಯ ಬಾಗಿಲಲ್ಲಿ ಇದೇ ಮಾತು ಹೇಳಿ ಒಳಗೆ ಹೋಗುತ್ತಾರೆ. ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇದೆ. ತಪ್ಪಿರುವುದು ಓಟು ಎಣಿಸುವ ಕಾನೂನಿನಲ್ಲಿ!

ಇದರ ಬೆನ್ನಿಗೇ ಇಂಗ್ಲಿಷ್ ಪತ್ರಿಕೆ ಓದುವ ಮಹಾಶಯರ ಇನ್ನೊಂದು ಉಪದೇಶ ಬರುತ್ತದೆ. "ಅಮೆರಿಕ ನೋಡಿ ಸ್ವಾಮಿ, ಎರಡೇ ಪಕ್ಷ. ಎಷ್ಟು ಅಚ್ಚುಕಟ್ಟು! ನಮ್ಮಲ್ಲಿ ಬೀದಿಗೊಂದು ಪಕ್ಷ, ಕೊನೆಗೆ ಕಿಚಡಿ ಸರ್ಕಾರ." ನಮ್ಮವರೂ ಹೌದೆಂದು ತಲೆಯಾಡಿಸುತ್ತಾರೆ.

ಆಗಲಿ. ಅಮೆರಿಕವನ್ನೇ ನೋಡೋಣ. ಪಕ್ಕದಲ್ಲಿ ಯೂರೋಪನ್ನೂ ಇಟ್ಟು ನೋಡೋಣ. ಎರಡನ್ನೂ ನೋಡಿದ ಮೇಲೆ ಯಾರ ಓಟನ್ನು ಯಾರು ದಂಡ ಮಾಡುತ್ತಿದ್ದಾರೆ ಎಂದು ನೀವೇ ಹೇಳಿ.

ಎರಡೇ ಅಂಗಡಿಯ ಸಂತೆ

1992ರಲ್ಲಿ ರಾಸ್ ಪೆರೋ ಎಂಬ ಉದ್ಯಮಿ ಎರಡೂ ಪಕ್ಷಗಳನ್ನು ಧಿಕ್ಕರಿಸಿ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತ. ಅವನಿಗೆ ಬಿದ್ದ ಓಟು ಸುಮಾರು 1 ಕೋಟಿ 97 ಲಕ್ಷ. ನೂರಕ್ಕೆ ಹತ್ತೊಂಬತ್ತರ ಹತ್ತಿರ! ಅಧ್ಯಕ್ಷನನ್ನು ಆರಿಸುವ 538 ಮತಗಳ ಮಂಡಲಿಯಲ್ಲಿ ಅವನಿಗೆ ಸಿಕ್ಕಿದ್ದೆಷ್ಟು ಗೊತ್ತೇ? ಸೊನ್ನೆ. ಐದು ಜನರಲ್ಲಿ ಹೆಚ್ಚುಕಡಿಮೆ ಒಬ್ಬ ಓಟು ಕೊಟ್ಟ ಮನುಷ್ಯನ ಪಾಲಿಗೆ ಒಂದೇ ಒಂದು ಮತವೂ ಇಲ್ಲ! ಅಲ್ಲಿನ 50 ರಾಜ್ಯಗಳಲ್ಲಿ 48 ರಾಜ್ಯಗಳ ಕಟ್ಟಳೆ ಏನೆಂದರೆ, ಒಂದೇ ಓಟು ಹೆಚ್ಚಿಗೆ ಬಂದರೂ ಇಡೀ ರಾಜ್ಯದ ಮತ ಗೆದ್ದವನಿಗೇ. ಎರಡನೆಯವನಿಗೆ ಚೊಂಬು, ಮೂರನೆಯವನಿಗೆ ಆ ಚೊಂಬೂ ಇಲ್ಲ.

ಇಂಥ ಎಣಿಕೆಯಲ್ಲಿ ಮೂರನೆಯವನು ನಿಂತರೆ ಇನ್ನೂ ಒಂದು ಅನಾಹುತವಿದೆ. 2000ದ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯವನ್ನು ಜಾರ್ಜ್ ಬುಷ್ ಗೆದ್ದದ್ದು ಬರೇ 537 ಓಟಿನಲ್ಲಿ. ಹಸಿರು ಪಕ್ಷದ ರಾಲ್ಫ್ ನೇಡರ್‌ಗೆ ಅಲ್ಲಿ ಬಿದ್ದ ಓಟು 97 ಸಾವಿರಕ್ಕೂ ಹೆಚ್ಚು. ದೇಶದ ಒಟ್ಟು ಎಣಿಕೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಓಟು ಮುಂದಿದ್ದ ಆಲ್ ಗೋರ್ ಸೋತ! ಅಂದಿನಿಂದ ಅಲ್ಲಿನ ದೊಡ್ಡ ಪಕ್ಷಗಳಿಗೆ ಒಂದು ಬೆತ್ತ ಸಿಕ್ಕಿದೆ. "ಮೂರನೆಯವನಿಗೆ ಹಾಕಿದರೆ ನಿಮ್ಮ ಶತ್ರುವೇ ಗೆಲ್ಲುತ್ತಾನೆ, ಹುಷಾರ್!" ಈ ಬೆದರಿಕೆ ಕೇಳಿದ ಹಾಗಿದೆಯಲ್ಲವೇ?

ಜನರ ಮನಸ್ಸು ಎರಡೇ ಬಗೆಯದಾಗಿ ಅಲ್ಲಿ ಎರಡು ಪಕ್ಷ ಉಳಿದಿಲ್ಲ. ಮೂವತ್ತೈದು ಕೋಟಿಯ ಹತ್ತಿರದ ಜನ, ನೂರಾರು ನುಡಿ, ಕರಿಯರು, ಬಿಳಿಯರು, ಮೂಲನಿವಾಸಿಗಳು, ವಲಸೆ ಬಂದವರು. ಇವರೆಲ್ಲರ ಮನಸ್ಸು ಎರಡೇ ಚೀಲದಲ್ಲಿ ಹಿಡಿಸುತ್ತದೆಯೇ? ಒಂದು ಕ್ಷೇತ್ರಕ್ಕೆ ಒಬ್ಬನೇ, ಹೆಚ್ಚು ಓಟು ಬಿದ್ದವನೇ ಗೆದ್ದ ಎಂಬ ಎಣಿಕೆ ಮೂರನೆಯವನನ್ನು ಹಿಂಡಿ ಹೊರಗೆ ಎಸೆಯುತ್ತದೆ. ಫ್ರಾನ್ಸಿನ ಮೊರಿಸ್ ದುವೆರ್ಜೆ ಎಂಬ ವಿದ್ವಾಂಸ ಇದನ್ನು 1950ರ ದಶಕದ ಆರಂಭದಲ್ಲೇ ಬರೆದಿಟ್ಟ. ಪಕ್ಷಗಳ ಲೆಕ್ಕಕ್ಕೂ ಎಣಿಕೆಯ ಕಾನೂನಿಗೂ ಇರುವ ಈ ನಂಟಿಗೆ ಅವನ ಹೆಸರೇ ನಿಂತಿದೆ.

ನಾಲ್ಕು ಕೋಟಿ ಜನರ ನುಡಿಯ ಗತಿ

ಅಮೆರಿಕದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಮಾತಾಡುವವರು ನಾಲ್ಕು ಕೋಟಿಗೂ ಹೆಚ್ಚು. ನಮ್ಮ 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಹೆಚ್ಚುಕಡಿಮೆ ನಮ್ಮಷ್ಟೇ ಜನ! ಅವರಿಗೆ ಅಲ್ಲಿನ ಸಂಸತ್ತಿನಲ್ಲಿ ತಮ್ಮದೆನ್ನುವ ಒಂದು ಪಕ್ಷವಿದೆಯೇ? ಇಲ್ಲ. ಇರುವ ಎರಡರಲ್ಲಿ ಒಂದನ್ನು ಹಿಡಿದು ನೇತಾಡಬೇಕು. ಒಂದು ಪಕ್ಷ "ಇವರು ನಮ್ಮನ್ನು ಬಿಟ್ಟು ಎಲ್ಲಿಗೆ ಹೋಗುತ್ತಾರೆ?" ಎನ್ನುತ್ತದೆ. ಇನ್ನೊಂದು "ಇವರು ಬಂದರೆ ಬರಲಿ, ಬಿಟ್ಟರೆ ಬಿಡಲಿ" ಎನ್ನುತ್ತದೆ.

ಇಲ್ಲಿ ಒಂದು ನಿಜವನ್ನು ಮುಚ್ಚಿಡಬಾರದು. 1975ರಲ್ಲಿ ಮತದಾನ ಹಕ್ಕಿನ ಕಾನೂನಿಗೆ ತಿದ್ದುಪಡಿ ತಂದು, ಭಾಷಾ ಅಲ್ಪಸಂಖ್ಯಾತರು ಸಾಕಷ್ಟಿರುವ ಕಡೆ ಅವರ ನುಡಿಯಲ್ಲೂ ಮತಪತ್ರ ಕೊಡಬೇಕೆಂದು ಮಾಡಿದ್ದು ಇದೇ ಎರಡು ಪಕ್ಷಗಳ ಸಂಸತ್ತು. ಅದು ದೊಡ್ಡ ಕೆಲಸವೇ. ಆದರೆ ದೊರೆ ಕೊಟ್ಟ ವರವನ್ನು ಇನ್ನೊಬ್ಬ ದೊರೆ ಕಸಿಯುತ್ತಾನೆ ಎಂಬುದಕ್ಕೂ ಅಲ್ಲೇ ಸಾಕ್ಷಿ ಇದೆ. ಇಂಗ್ಲಿಷ್ ಬಾರದವರಿಗೂ ಸರ್ಕಾರಿ ಸೇವೆ ಮುಟ್ಟಬೇಕೆಂದು 2000ದಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ್ದ ಆದೇಶವನ್ನು 2025ರ ಮಾರ್ಚ್ 1ರಂದು ಅಧ್ಯಕ್ಷ ಟ್ರಂಪ್ ರದ್ದು ಮಾಡಿ, ಇಂಗ್ಲಿಷೇ ದೇಶದ ಅಧಿಕೃತ ಭಾಷೆ ಎಂದು ಘೋಷಿಸಿದ. ಒಂದು ಸಹಿ, ಅಷ್ಟೇ! ಸಂಸತ್ತಿನಲ್ಲಿ ಚರ್ಚೆಯಿಲ್ಲ, ಮತವಿಲ್ಲ. "ಈ ನುಡಿ ಮುಟ್ಟಿದರೆ ನಿಮ್ಮ ಸರ್ಕಾರ ಬೀಳುತ್ತದೆ" ಎಂದು ಗದರಿಸುವ ಪಕ್ಷವೊಂದು ಅಲ್ಲಿ ಇರಲಿಲ್ಲ.

ಇದು ಅಮೆರಿಕದ ಹಣೆಬರಹ ಎಂದು ಮಾತ್ರ ತಿಳಿಯಬೇಡಿ. ಒಂದು ಕ್ಷೇತ್ರಕ್ಕೆ ಒಬ್ಬನೇ ಎಂದು ಅವರ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಅದು 1967ರ ಒಂದು ಸಾಮಾನ್ಯ ಕಾನೂನು, ನಾಳೆಯೇ ಬದಲಿಸಬಹುದು. ನ್ಯೂಯಾರ್ಕ್ ನಗರದ ಜನ 1936ರಲ್ಲಿ ಮತ ಹಾಕಿ ತಮ್ಮ ನಗರಸಭೆಗೆ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ತಂದರು. ಅದರಿಂದಲೇ 1941ರಲ್ಲಿ ಆಡಮ್ ಕ್ಲೇಟನ್ ಪೊವೆಲ್ ಆ ಸಭೆಗೆ ಆಯ್ಕೆಯಾದ ಮೊದಲ ಕರಿಯ ಸದಸ್ಯನಾದ. ಕಮ್ಯುನಿಸ್ಟರೂ ಗೆದ್ದರು. ತಡೆಯಲಾದೀತೇ ದೊಡ್ಡ ಪಕ್ಷಗಳಿಗೆ? ಕಮ್ಯುನಿಸ್ಟ್ ಗುಮ್ಮ ತೋರಿಸಿ 1947ರಲ್ಲಿ ಆ ಪದ್ಧತಿಯನ್ನೇ ಕಿತ್ತು ಹಾಕಿಸಿದರು. ಮಸಾಚುಸೆಟ್ಸ್‌ನ ಕೇಂಬ್ರಿಜ್ ನಗರದಲ್ಲಿ ಮಾತ್ರ ಅದು 1941ರಿಂದ ಇಂದಿಗೂ ನಡೆಯುತ್ತಿದೆ. ಆ ಊರೇನೂ ಮುಳುಗಿಹೋಗಿಲ್ಲ!

ಯೂರೋಪಿನ ಎಣಿಕೆ

ಈಗ ಯೂರೋಪಿಗೆ ಬನ್ನಿ. ಅಲ್ಲಿನ ಬಹುಪಾಲು ದೇಶಗಳಲ್ಲಿ ಲೆಕ್ಕ ಸರಳ. ನೂರಕ್ಕೆ ಹತ್ತು ಓಟು ಬಂತೇ, ನೂರಕ್ಕೆ ಹತ್ತರ ಆಸುಪಾಸು ಕುರ್ಚಿ. ಇದಕ್ಕೇ ಪ್ರಮಾಣಾನುಗುಣ ಪ್ರಾತಿನಿಧ್ಯ ಎನ್ನುತ್ತಾರೆ. ಬೆಲ್ಜಿಯಂ 1899ರಲ್ಲೇ ಇದನ್ನು ಕಾನೂನು ಮಾಡಿತು. ಸ್ವಿಟ್ಜರ್ಲೆಂಡಿನ ಜನ 1918ರಲ್ಲಿ ಮತ ಹಾಕಿ ತಂದುಕೊಂಡರು. ಇಲ್ಲಿ ಸಣ್ಣ ಪಕ್ಷದ ಓಟು ದಂಡವಲ್ಲ. ಹಾಗಾಗಿ ಜನ ಮನಸ್ಸಿಗೆ ಒಪ್ಪಿದವರಿಗೆ ಹಾಕುತ್ತಾರೆ, ಪಕ್ಷಗಳು ಹತ್ತಾಗುತ್ತವೆ, ಯಾರಿಗೂ ಬಹುಮತವಿಲ್ಲ, ಕೂತು ಮಾತಾಡಿ ಸರ್ಕಾರ ಕಟ್ಟುತ್ತಾರೆ.

"ಅದೇ ಕಿಚಡಿ!" ಎನ್ನುತ್ತೀರಾ? ಕಿಚಡಿ ಅಮೆರಿಕದಲ್ಲೂ ಬೇಯುತ್ತದೆ ಸ್ವಾಮಿ. ಅಲ್ಲಿ ಎಡದವರು, ನಡುವಿನವರು, ಕಾರ್ಮಿಕರು, ಕೋಟ್ಯಧೀಶರು ಎಲ್ಲರೂ ಒಂದೇ ಪಕ್ಷದ ಒಳಗೆ ಚುನಾವಣೆಗೆ ಮುಂಚೆಯೇ ಬೆಂದಿರುತ್ತಾರೆ, ಮುಚ್ಚಿದ ಪಾತ್ರೆಯಲ್ಲಿ. ಯಾರು ಏನು ಕೊಟ್ಟು ಏನು ಪಡೆದರೆಂದು ಓಟುದಾರನಿಗೆ ಕಾಣುವುದು ಕಷ್ಟ. ಯೂರೋಪಿನಲ್ಲಿ ಚುನಾವಣೆ ಮುಗಿದ ಮೇಲೆ, ಎಲ್ಲರೆದುರು, ಕಾಗದದ ಮೇಲೆ. ಜರ್ಮನಿಯಲ್ಲಿ 2021ರಲ್ಲಿ ಮೂರು ಪಕ್ಷಗಳು ಮಾಡಿಕೊಂಡ ಒಪ್ಪಂದ ನೂರೈವತ್ತು ಪುಟ ಮೀರಿತ್ತು. ಅಚ್ಚು ಹಾಕಿ ಜನರ ಕೈಗೆ ಕೊಟ್ಟರು.

ಸಣ್ಣ ನುಡಿಗೂ ಒಂದು ಕುರ್ಚಿ

ಕನ್ನಡಿಗರೇ, ಇಲ್ಲಿ ಕಿವಿಗೊಟ್ಟು ಕೇಳಿ.

ಜರ್ಮನಿಯ ಉತ್ತರದ ತುದಿಯಲ್ಲಿ ಡೇನಿಷ್ ನುಡಿಯ ಸಣ್ಣ ಜನಸಮುದಾಯವಿದೆ, ಪಕ್ಕದಲ್ಲೇ ಫ್ರೀಸಿಯನ್ ನುಡಿಯವರು. ದಕ್ಷಿಣ ಶ್ಲೆಸ್ವಿಗ್ ಮತದಾರರ ಸಂಘ ಎಂಬುದು ಅವರ ಪಕ್ಷ. ಜರ್ಮನಿಯಲ್ಲಿ ನೂರಕ್ಕೆ ಐದು ಓಟು ಬಾರದ ಪಕ್ಷಕ್ಕೆ ಸಾಮಾನ್ಯವಾಗಿ ಸಂಸತ್ತಿನ ಬಾಗಿಲು ಮುಚ್ಚಿರುತ್ತದೆ. ಆದರೆ ರಾಷ್ಟ್ರೀಯ ಅಲ್ಪಸಂಖ್ಯಾತರ ಪಕ್ಷಕ್ಕೆ ಈ ಅಡ್ಡಗೋಡೆ ಇಲ್ಲ! 2021ರಲ್ಲಿ ಸುಮಾರು 55 ಸಾವಿರ ಓಟು ಪಡೆದು ಆ ಪಕ್ಷ ಬರ್ಲಿನ್ನಿನ ಸಂಸತ್ತಿನಲ್ಲಿ ಒಂದು ಕುರ್ಚಿ ಹಿಡಿಯಿತು. 2025ರಲ್ಲಿ ಮತ್ತೆ ಹಿಡಿಯಿತು. ಐವತ್ತೈದು ಸಾವಿರ! ನಮ್ಮ ಬೆಂಗಳೂರಿನ ಒಂದು ವಿಧಾನಸಭಾ ಕ್ಷೇತ್ರ ಗೆಲ್ಲಲು ಎಷ್ಟೋ ಸಲ ಅಷ್ಟು ಸಾಲದು.

ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವವರು ಮೂರು ಲಕ್ಷವೂ ಇಲ್ಲ, ನೂರಕ್ಕೆ ಐದು ಜನ. 1906ರಲ್ಲಿ ಹುಟ್ಟಿದ ಅವರ ಪಕ್ಷ 200 ಜನರ ಸಂಸತ್ತಿನಲ್ಲಿ ಒಂಬತ್ತು ಹತ್ತು ಸ್ಥಾನ ಹಿಡಿಯುತ್ತದೆ, ಅಷ್ಟೇ. ಆದರೆ 1979ರಿಂದ 2015ರವರೆಗೆ ಆ ಪಕ್ಷ ಇಲ್ಲದ ಸರ್ಕಾರವೇ ಅಲ್ಲಿ ಇರಲಿಲ್ಲ! 2023ರಲ್ಲಿ ರಚನೆಯಾದ ಸರ್ಕಾರದಲ್ಲೂ ಅದು ಪಾಲುದಾರ. ಸ್ವೀಡಿಷ್ ಆ ದೇಶದ ಎರಡು ರಾಷ್ಟ್ರಭಾಷೆಗಳಲ್ಲಿ ಒಂದಾಗಿ ನಿಂತಿದೆ. ಸಂವಿಧಾನ ಅದನ್ನು ಬರೆದಿಟ್ಟಿತು, ಅದನ್ನು ಕಾಯಲು ಒಂದು ಪಕ್ಷ ಮಂತ್ರಿಮಂಡಲದ ಬಾಗಿಲಲ್ಲಿ ಕೂತಿತು.

ಬೆಲ್ಜಿಯಂ ಕತೆ ಇನ್ನೂ ಜೋರು. ಲುವೆನ್ ಊರು ಡಚ್ ನುಡಿಯ ಫ್ಲಾಂಡರ್ಸ್ ನಾಡಿನಲ್ಲಿದೆ. ಅಲ್ಲಿನ ಹಳೆಯ ವಿಶ್ವವಿದ್ಯಾಲಯದ ಫ್ರೆಂಚ್ ವಿಭಾಗ ನಮ್ಮ ನೆಲದಿಂದ ಹೊರಡಲಿ ಎಂದು ವಿದ್ಯಾರ್ಥಿಗಳು ಬೀದಿಗಿಳಿದರು. 1968ರ ಫೆಬ್ರವರಿಯಲ್ಲಿ ಅದೇ ವಿಷಯಕ್ಕೆ ಸರ್ಕಾರ ಬಿತ್ತು! ಅದೇ ವರ್ಷ ಕ್ರೈಸ್ತ ಪಕ್ಷ ನುಡಿಯ ಗೆರೆಯಲ್ಲಿ ಸೀಳಿತು. ಆಮೇಲೆ ಲಿಬರಲ್ ಪಕ್ಷ, 1978ರಲ್ಲಿ ಸಮಾಜವಾದಿ ಪಕ್ಷ. ಇವತ್ತು ಅಲ್ಲಿನ ಪ್ರಮುಖ ಪಕ್ಷಗಳಲ್ಲಿ ಕಾರ್ಮಿಕರ ಪಕ್ಷವೊಂದನ್ನು ಬಿಟ್ಟರೆ ಎಲ್ಲವೂ ಒಂದೋ ಡಚ್ ನುಡಿಯವರ ಪಕ್ಷ, ಇಲ್ಲವೇ ಫ್ರೆಂಚ್ ನುಡಿಯವರ ಪಕ್ಷ. ಹೈಕಮಾಂಡ್ ಪರನುಡಿಯ ರಾಜಧಾನಿಯಲ್ಲಿ ಕೂತು ಟಿಕೆಟ್ ಹಂಚುವ ಪ್ರಶ್ನೆಯೇ ಇಲ್ಲ!

ಅಲ್ಲೂ ಎಲ್ಲ ಸಕ್ಕರೆಯಲ್ಲ

ನಮ್ಮ ಓದುಗರ ಕಿವಿಗೆ ಹೂ ಮುಡಿಸುವ ಕೆಲಸ ಈ ಪತ್ರಿಕೆಯದಲ್ಲ. ಯೂರೋಪಿನ ಹುಳುಕನ್ನೂ ಹೇಳೋಣ.

ಅದೇ ಬೆಲ್ಜಿಯಂ 2010ರ ಚುನಾವಣೆಯ ನಂತರ ಹೊಸ ಸರ್ಕಾರ ಕಟ್ಟಲು 541 ದಿನ ತೆಗೆದುಕೊಂಡಿತು. ಇಟಲಿ 1946ರಿಂದ ಈಚೆಗೆ 65ಕ್ಕೂ ಹೆಚ್ಚು ಸರ್ಕಾರ ಕಂಡಿದೆ. ಹಿಟ್ಲರನ ಮುಂಚಿನ ಜರ್ಮನಿಯಲ್ಲಿ ಅಡ್ಡಗೋಡೆಯೇ ಇಲ್ಲದೆ ಪಕ್ಷಗಳು ಚೂರುಚೂರಾಗಿದ್ದವು. ಆ ಪಾಠದಿಂದಲೇ ಶೇಕಡ ಐದರ ಗೋಡೆ ಎದ್ದದ್ದು. ಆ ಗೋಡೆಯೂ ಓಟು ನುಂಗುತ್ತದೆ. 2025ರಲ್ಲಿ ಹೊಸ ಪಕ್ಷವೊಂದು ಶೇಕಡ 4.98 ಓಟು ಪಡೆದು ಕೂದಲೆಳೆಯಲ್ಲಿ ಹೊರಗುಳಿಯಿತು.

ಇನ್ನೊಂದು ಮಾತು, ಇದು ನಮಗೇ ಚುಚ್ಚುವಂಥದ್ದು. ಫ್ಲಾಂಡರ್ಸಿನ ನುಡಿ ಹೋರಾಟದ ಒಂದು ಕವಲು ವಲಸಿಗರ ಮೇಲಿನ ದ್ವೇಷವನ್ನೇ ಬಂಡವಾಳ ಮಾಡಿಕೊಂಡು ದೊಡ್ಡ ಪಕ್ಷವಾಗಿ ಬೆಳೆಯಿತು. ಮಿಕ್ಕ ಪಕ್ಷಗಳು ಅದರ ಜೊತೆ ಸರ್ಕಾರ ಮಾಡುವುದಿಲ್ಲವೆಂದು ಗೆರೆ ಎಳೆಯಬೇಕಾಯಿತು. ನುಡಿಯ ಮೇಲಿನ ಪ್ರೀತಿ ಬೇರೆ, ಬಡಪಾಯಿ ಕೂಲಿಯವನ ಮೇಲಿನ ಹಗೆ ಬೇರೆ. ನಾವು ಈ ಎರಡನ್ನು ಬೆರೆಸಿದರೆ ನಮಗೂ ಅಂಥದೇ ಗೆರೆ ಕಾದಿದೆ.

ಯೂರೋಪಿನಲ್ಲಿ ಎಲ್ಲರೂ ಪ್ರಮಾಣದ ಎಣಿಕೆಯವರೂ ಅಲ್ಲ. ಬ್ರಿಟನ್ನಿನ ಸಂಸತ್ತಿಗೆ ಇಂದಿಗೂ ನಮ್ಮದೇ ಎಣಿಕೆ, ಅಥವಾ ನಮ್ಮದು ಅವರದೇ! 2015ರಲ್ಲಿ ಅಲ್ಲಿ ಯುಕೆಐಪಿ ಎಂಬ ಪಕ್ಷಕ್ಕೆ ಸುಮಾರು 39 ಲಕ್ಷ ಓಟು, ಸ್ಥಾನ ಒಂದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಪಕ್ಷಕ್ಕೆ ಸುಮಾರು ಹದಿನಾಲ್ಕೂವರೆ ಲಕ್ಷ ಓಟು, ಸ್ಥಾನ 56! ಒಂದೇ ಕಡೆ ಗುಂಪಾಗಿದ್ದವರು ಗೆದ್ದರು, ನಾಡೆಲ್ಲ ಹರಡಿಕೊಂಡವರು ಸತ್ತರು. ಅಲ್ಲಿ ವೇಲ್ಸ್ ನುಡಿಯವರಿಗೆ ತಮ್ಮ ಟಿವಿ ಚಾನೆಲ್ ಬೇಕೆಂದರೆ, ಅವರ ಪಕ್ಷದ ಅಧ್ಯಕ್ಷ ಗ್ವಿನ್‌ಫರ್ ಇವಾನ್ಸ್ 1980ರಲ್ಲಿ ಆಮರಣ ಉಪವಾಸದ ಬೆದರಿಕೆ ಹಾಕಬೇಕಾಯಿತು. ಥ್ಯಾಚರ್ ಸರ್ಕಾರ ಮಣಿಯಿತು, 1982ರಲ್ಲಿ ಚಾನೆಲ್ ಬಂತು. ಫಿನ್ಲೆಂಡಿನ ಸ್ವೀಡಿಷರು ಮಂತ್ರಿಮಂಡಲದಲ್ಲಿ ಕೂತು ಪಡೆಯುವುದನ್ನು ವೇಲ್ಸಿನವರು ಪ್ರಾಣ ಒತ್ತೆಯಿಟ್ಟು ಪಡೆದರು. ಗೋಕಾಕ್ ವರದಿಗಾಗಿ ಬೀದಿಗಿಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ನಮ್ಮ ಮನೆಯ ಲೆಕ್ಕ

ಈಗ ಮನೆಗೆ ಬನ್ನಿ. 2013ರ ವಿಧಾನಸಭೆ ಚುನಾವಣೆಯಲ್ಲಿ ಕರ್ನಾಟಕ ಜನತಾ ಪಕ್ಷ ಎಂಬ ರಾಜ್ಯ ಪಕ್ಷಕ್ಕೆ ಶೇಕಡ 10ರ ಹತ್ತಿರ ಓಟು ಬಿತ್ತು. ಆ ಪಕ್ಷದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಲೆಕ್ಕ ನೋಡಿ. ಪ್ರಮಾಣದ ಪ್ರಕಾರ 224ರಲ್ಲಿ 22 ಸ್ಥಾನ ಬರಬೇಕು. ಬಂದದ್ದು 6. ಅದೇ ಚುನಾವಣೆಯಲ್ಲಿ ಶೇಕಡ 37ಕ್ಕೂ ಕಡಿಮೆ ಓಟಿಗೆ ಕಾಂಗ್ರೆಸ್ಸಿಗೆ 122 ಸ್ಥಾನ. 2018ರಲ್ಲಿ ಅದೇ ಚೂರಿ ಕಾಂಗ್ರೆಸ್ಸಿಗೂ ಕುಯ್ದಿತು. ಸುಮಾರು ಶೇಕಡ 38 ಓಟು ಪಡೆದ ಕಾಂಗ್ರೆಸ್ಸಿಗೆ 78, ಸುಮಾರು ಶೇಕಡ 36 ಪಡೆದ ಬಿಜೆಪಿಗೆ 104!

ನಾಳೆ ಒಂದು ಕನ್ನಡ ಪಕ್ಷ ಬೀದರಿನಿಂದ ಚಾಮರಾಜನಗರದವರೆಗೆ ನೂರಕ್ಕೆ ಏಳು ಓಟು ಪಡೆಯಿತು ಎನ್ನಿ. ಫಿನ್ಲೆಂಡಿನ ಎಣಿಕೆಯಲ್ಲಿ ಹದಿನೈದರ ಹತ್ತಿರ ಶಾಸಕರು, ಅವರಿಲ್ಲದೆ ಸರ್ಕಾರ ಕಷ್ಟ. ನಮ್ಮ ಎಣಿಕೆಯಲ್ಲಿ? ಸೊನ್ನೆ ಶಾಸಕರು, 224 ಠೇವಣಿ ಜಪ್ತಿ! ಇದನ್ನೇ "ಓಟು ದಂಡ" ಎನ್ನುವುದು. ದಂಡವಾದದ್ದು ತಾನಾಗಿ ಅಲ್ಲ. ದಂಡ ಮಾಡಲೆಂದೇ ಕಾನೂನು ಕೂತಿದೆ.

"ನಮ್ಮ ಜನಕ್ಕೆ ಆ ಎಣಿಕೆ ಅರ್ಥವಾಗುವುದಿಲ್ಲ" ಎನ್ನುವ ದೊಡ್ಡವರಿಗೆ ಒಂದು ಪ್ರಶ್ನೆ. ರಾಜ್ಯಸಭೆಗೆ ನಮ್ಮ ಶಾಸಕರು ಓಟು ಹಾಕುವುದು ಯಾವ ಪದ್ಧತಿಯಲ್ಲಿ? ಪ್ರಮಾಣಾನುಗುಣ ಪ್ರಾತಿನಿಧ್ಯದಲ್ಲೇ! ಸಂವಿಧಾನದಲ್ಲೇ ಬರೆದಿದೆ. ನಾಲ್ಕು ಸ್ಥಾನ ಖಾಲಿಯಾದರೆ 224 ಶಾಸಕರಲ್ಲಿ 45 ಜನರ ಓಟು ಒಂದು ಸ್ಥಾನಕ್ಕೆ ಸಾಕು, ಹಾಗಾಗಿ ಸಣ್ಣ ಪಕ್ಷಕ್ಕೂ ಪಾಲು. ಶಾಸಕರು ತಮಗೆ ನ್ಯಾಯದ ತಕ್ಕಡಿ ಇಟ್ಟುಕೊಂಡಿದ್ದಾರೆ, ನಮ್ಮ ಕೈಗೆ ಕಲ್ಲು ಕಟ್ಟಿದ ತಕ್ಕಡಿ ಕೊಟ್ಟಿದ್ದಾರೆ. ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ನಮ್ಮ ಮೇಷ್ಟ್ರುಗಳು 1, 2, 3 ಎಂದು ಪ್ರಾಶಸ್ತ್ಯ ಬರೆದು ಬರುತ್ತಿಲ್ಲವೇ?

1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಇದೇ ಬೇಡಿಕೆ ಬಂದಾಗ ಡಾ. ಅಂಬೇಡ್ಕರ್ ಒಪ್ಪಲಿಲ್ಲ. ದೇಶದಲ್ಲಿ ಅಕ್ಷರ ಬಲ್ಲವರು ಕಡಿಮೆ, ಸರ್ಕಾರ ಭದ್ರವಾಗಿರಬೇಕು ಎಂಬುದು ಅವರು ಕೊಟ್ಟ ಕಾರಣ. ಆ ಹೊತ್ತಿಗೆ ಅದು ತೂಕದ ಮಾತೇ. 1951ರ ಜನಗಣತಿಯಲ್ಲಿ ಅಕ್ಷರಸ್ಥರು ನೂರಕ್ಕೆ ಹದಿನೆಂಟರ ಆಸುಪಾಸು. 2011ರಲ್ಲಿ ಕರ್ನಾಟಕದಲ್ಲಿ ಎಪ್ಪತ್ತೈದು. ಇನ್ನು ಭದ್ರತೆ? ರೆಸಾರ್ಟಿಗೆ ಬಸ್ಸಿನಲ್ಲಿ ಹೋದ ಶಾಸಕರನ್ನು ನೋಡಿದ ಈ ನಾಡಿಗೆ ಭದ್ರತೆಯ ಪಾಠ ಯಾರು ಹೇಳುತ್ತೀರಿ? 1999ರಲ್ಲಿ ಕಾನೂನು ಆಯೋಗವೇ ತನ್ನ 170ನೇ ವರದಿಯಲ್ಲಿ ಒಂದಷ್ಟು ಸ್ಥಾನಗಳನ್ನು ಪ್ರಮಾಣದ ಎಣಿಕೆಯಿಂದ ತುಂಬಿ ಎಂದಿತು. ಆ ಸಲಹೆ ಕಾನೂನಾಗಲಿಲ್ಲ. ಗೆದ್ದವರು ಗೆಲ್ಲಿಸಿದ ಕಾನೂನನ್ನು ತಾವಾಗಿ ಬದಲಿಸುತ್ತಾರೆಯೇ?

ಕೆಟ್ಟದ್ದರಲ್ಲೂ ನಮ್ಮದು ವಿಶೇಷ. ಅಮೆರಿಕದ ಸಂಸದ ತನ್ನ ಪಕ್ಷದ ವಿರುದ್ಧ ಮತ ಹಾಕಿ ಮನೆಗೆ ಹೋಗಿ ನಿದ್ದೆ ಮಾಡಬಹುದು, ಸ್ಥಾನ ಹೋಗುವುದಿಲ್ಲ. ನಮ್ಮ 28 ಲೋಕಸಭಾ ಸದಸ್ಯರ ಮೇಲೆ 1985ರ ಪಕ್ಷಾಂತರ ನಿಷೇಧ ಕಾನೂನಿನ ಕತ್ತಿ ತೂಗುತ್ತದೆ. ಕನ್ನಡದ ಪ್ರಶ್ನೆಯಲ್ಲಿ ಹೈಕಮಾಂಡ್ ವಿಪ್ ಕೊಟ್ಟರೆ ಬಾಯಿ ಮುಚ್ಚಬೇಕು, ಇಲ್ಲವೇ ಕುರ್ಚಿ ಬಿಡಬೇಕು. ಅಮೆರಿಕದಂತೆ ಮೂರನೆಯವನನ್ನು ಹಿಂಡುವ ಎಣಿಕೆ, ಯೂರೋಪಿನಂತೆ ಪಕ್ಷದ ಶಿಸ್ತು. ಎರಡೂ ಕಡೆಯ ಕಹಿಯನ್ನು ಕಲಸಿ ನಮ್ಮ ತಟ್ಟೆಗೆ ಬಡಿಸಿದ್ದಾರೆ!

ಹಾಗಂತ ಎಣಿಕೆ ಬದಲಾದ ಮರುದಿನ ಕನ್ನಡ ಉದ್ಧಾರವಾಗುತ್ತದೆ ಎಂದಲ್ಲ. ಬಾಗಿಲು ತೆರೆದರೆ ಒಳಗೆ ನಡೆಯಬೇಕಾದವರು ನಾವೇ. ಬಾಗಿಲು ತೆರೆದರೆ ತುಳು, ಕೊಡವ ನುಡಿಯವರೂ ತಮ್ಮ ಪಾಲು ಕೇಳುತ್ತಾರೆ. ಕೇಳಲಿ! ಮೂರು ಲಕ್ಷವಿಲ್ಲದ ಸ್ವೀಡಿಷರಿಗೆ ಫಿನ್ಲೆಂಡ್ ಕೊಟ್ಟ ಮರ್ಯಾದೆಯನ್ನು ಹದಿನೆಂಟು ಲಕ್ಷ ತುಳುವರಿಗೆ ಕೊಡಲು ಕನ್ನಡಿಗ ಹಿಂದೆಗೆಯಬಾರದು.

ಮುಂದಿನ ಸಲ ಓಟು ಕೇಳಲು ನಿಮ್ಮ ಮನೆ ಬಾಗಿಲಿಗೆ ಬರುವ ಅಭ್ಯರ್ಥಿ ಯಾವ ಪಕ್ಷದವನೇ ಇರಲಿ, ಕೂರಿಸಿ, ನೀರು ಕೊಡಿ, ಒಂದೇ ಪ್ರಶ್ನೆ ಕೇಳಿ. "ನಿಮಗೆ ರಾಜ್ಯಸಭೆಗೆ ಒಂದು ಎಣಿಕೆ, ನಮಗೆ ವಿಧಾನಸಭೆಗೆ ಇನ್ನೊಂದು ಎಣಿಕೆ. ಯಾಕೆ ಸ್ವಾಮಿ?" ಉತ್ತರ ಕೊಡದೆ ಎದ್ದರೆ ಗೇಟಿನವರೆಗೂ ಹೋಗಿ ಮತ್ತೊಮ್ಮೆ ಕೇಳಿ. ನೂರು ಮನೆಯಲ್ಲಿ ಕೇಳಿಸಿಕೊಂಡವನು ನೂರಾ ಒಂದನೆಯ ಮನೆಯಲ್ಲಿ ಉತ್ತರ ಹುಡುಕಲೇಬೇಕು.

ಅಲ್ಲಿಯವರೆಗೆ ಯಾರಾದರೂ "ನಿಮ್ಮ ಓಟು ದಂಡ" ಎಂದರೆ ತಲೆ ತಗ್ಗಿಸಬೇಡಿ. ದಂಡ ಮಾಡಿದವರು ಯಾರೆಂದು ಈಗ ನಿಮಗೆ ಗೊತ್ತು!